ಬೆನ್ನಿಗೊಂದು ಕೌದಿ

ಆ ದಿನಗಳಲ್ಲಿ ಪುಣೆಯಲ್ಲಿ ಬೆನ್ನ ಮೇಲೆ ಹೊರುವವರು ಎರಡೇ ಬಗೆಯ ಜನ. ಒಬ್ಬರು ಕ್ಯಾಂಪಿನ ಸಿಪಾಯಿಗಳು, ಇನ್ನೊಬ್ಬರು ಧಾನ್ಯದ ಪೇಟೆಯ ಹಮಾಲರು. ಉಳಿದವರಿಗೆಲ್ಲ ಯಾವ ಹೊರೆ ಎಲ್ಲಿ ಎಂಬುದು ಹುಟ್ಟುವಾಗಲೇ ಗೊತ್ತಾಗಿರುತ್ತಿತ್ತು. ಕೊಡ ಸೊಂಟಕ್ಕೆ, ಗಂಟು ತಲೆಗೆ, ಕಾಯಿಪಲ್ಲೆ ಕೈಗೆ, ಪಾಟಿಚೀಲ ಒಂದು ಹೆಗಲಿಗೆ. ಬೆನ್ನು ಖಾಲಿ ಇರಬೇಕಾದ ಜಾಗ. ಕೂಸುಮರಿ ಆಡುವಾಗ ಬಿಟ್ಟರೆ ಅದಕ್ಕೆ ಬೇರೆ ಕೆಲಸವಿರಲಿಲ್ಲ. ಈಗಿನ ಮಕ್ಕಳು ಬಾಲವಾಡಿಗೆ ಹೋಗುವಾಗಲೇ ಬೆನ್ನಿಗೊಂದು ಚೀಲ ಏರಿಸಿಕೊಳ್ಳುತ್ತಾರೆ, ಆದ್ದರಿಂದ ನಾನು ಹೇಳುವ ಗದ್ದಲ ಅವರಿಗೆ ಅರ್ಥವಾಗಲಿಕ್ಕಿಲ್ಲ. ನನ್ನ ಓರಗೆಯವರಿಗೆ ಆದೀತು.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ನನಗೆ ಹದಿಮೂರು. ಶನಿವಾರ ಪೇಟೆಯಲ್ಲಿ, ಅಂಗಳದ ಸುತ್ತ ಹತ್ತಾರು ಬಿಡಾರಗಳಿದ್ದ ಒಂದು ವಾಡೆಯ ಮಾಳಿಗೆ ಮೇಲೆ ನಮ್ಮ ಎರಡು ಕೋಣೆಗಳಿದ್ದವು. ವಿಜಾಪುರದ ಕಡೆಯವರಾದ ಅಪ್ಪ ರವಿವಾರ ಪೇಟೆಯ ಅರಿವೆ ಅಂಗಡಿಯೊಂದರಲ್ಲಿ ಪತ್ರ ಬರೆಯುವ ಕಾರಕೂನರು. ಮನೆಯೊಳಗೆ ಕನ್ನಡ, ಮೆಟ್ಟಿಲಿಳಿದು ಅಂಗಳಕ್ಕೆ ಬಂದರೆ ಮರಾಠಿ. ಅಪ್ಪನ ತಾಯಿ, ನಮ್ಮಜ್ಜಿ, ಪುಣೆಗೆ ಬಂದು ಒಂಬತ್ತು ವರ್ಷವಾದರೂ ಕಲಿತ ಮರಾಠಿ ಕಾಯಿಪಲ್ಲೆಯವಳೊಡನೆ ಜಗಳ ಆಡುವಷ್ಟು ಮಾತ್ರ. ಎರೆಮಣ್ಣಿನ ಬಯಲಿನಲ್ಲಿ ಬೆಳೆದ ಆಕೆಗೆ ಗುಡ್ಡವೆಂದರೆ ಬೆರಗು. ದಿನಾ ಮುಂಜಾನೆ ಮಾಳಿಗೆಯ ಮೇಲೆ ನಿಂತು ದೂರದ ಗುಡ್ಡದ ಮೇಲಿನ ಕೋಟೆ ಸಿಂಹಗಡವನ್ನು ನೋಡಿ ಕೈಮುಗಿದು, ಆಮೇಲೆ ಲಿಂಗಪೂಜೆಗೆ ಕೂಡುತ್ತಿದ್ದಳು.

ಆ ವರ್ಷ ದೀಪಾವಳಿ ಮುಗಿದು ಚಳಿ ಬಿದ್ದಾಗ ನಮ್ಮ ಶಾಲೆಯ ಡ್ರಿಲ್ ಕಲಿಸುವ ಲೇಲೆ ಬಾಯಿ ಹುಡುಗಿಯರನ್ನು ಸಿಂಹಗಡಕ್ಕೆ ಕರೆದುಕೊಂಡು ಹೋಗುವುದಾಗಿ ಹೇಳಿದರು. ಬಾಯಿ ಒಂಬತ್ತು ಗಜದ ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ಕ್ಯಾನ್ವಾಸ್ ಬೂಟು ಮೆಟ್ಟುತ್ತಿದ್ದರು. ನಗುವ ಅಭ್ಯಾಸ ಅವರಿಗೆ ಇರಲಿಲ್ಲ. ಅವರ ಷರತ್ತು ಒಂದೇ. ಪ್ರತಿ ಹುಡುಗಿ ತನ್ನ ಬುತ್ತಿ, ನೀರು, ಹೊದಿಕೆ ತಾನೇ ಬೆನ್ನ ಮೇಲೆ ಹೊರಬೇಕು, ಎರಡೂ ಕೈ ಖಾಲಿ ಇರಬೇಕು. ಕೊನೆಯ ಏರಿನಲ್ಲಿ ಕೈಯೂರಿ ಹತ್ತುವ ಜಾಗಗಳಿವೆ, ಚೀಲ ಹಿಡಿದುಕೊಂಡ ಕೈ ಬಂಡೆ ಹಿಡಿಯಲಾರದು ಎಂದರು. ಅದಕ್ಕೊಂದು ಪರೀಕ್ಷೆಯೂ ಇತ್ತು. ಎರಡು ವಾರದ ನಂತರ ಪರ್ವತಿ ಗುಡ್ಡದ ಮೆಟ್ಟಿಲುಗಳನ್ನು ಚೀಲದಲ್ಲಿ ಎರಡು ಇಟ್ಟಿಗೆ ಇಟ್ಟುಕೊಂಡು ಮೂರು ಸಲ ಹತ್ತಿ ಇಳಿಯಬೇಕು. ಯಾರ ಕೈ ಚೀಲಕ್ಕೆ ಹೋಯಿತೋ ಅವರು ಮನೆಯಲ್ಲೇ ಉಳಿಯಬೇಕು.

ಮನೆಯಲ್ಲಿ ಹೇಳಿದೆ. ಅವ್ವ ರೊಟ್ಟಿ ಬಡಿಯುತ್ತಲೇ ತೀರ್ಪು ಕೊಟ್ಟಳು.

“ಈ ವರ್ಷ ಹೋಗು. ಮುಂದಿನ ದೀವಳಗಿಗೆ ನಿನಗ ಸೀರಿ ಉಡಸ್ತೀವಿ. ಸೀರಿ ಉಟ್ಟಮ್ಯಾಲ ಗುಡ್ಡಾ ಬೆಟ್ಟಾ ಎಲ್ಲಾ ಬಂದ್.”

“ಲೇಲೆ ಬಾಯಿ ಸೀರಿ ಉಟ್ಟೇ ಹತ್ತತಾರಲ್ಲ?”

“ಅವರು ಮಾಸ್ತರಬಾಯಿ” ಎಂದಳು. ಮಾತು ಮುಗಿಯಿತು.

ಹೀಗಾಗಿ ನನಗಿದ್ದದ್ದು ಒಂದೇ ಅವಕಾಶ. ಅದು ಯಾವ ಚೀಲ ಎಂಬುದರ ಮೇಲೆ ನಿಂತಿತ್ತು.

ಚೀಲದ ಜವಾಬ್ದಾರಿಯನ್ನು ಗುರಪ್ಪ ಕಾಕಾ ಹೊತ್ತುಕೊಂಡ. ಅಪ್ಪನ ತಮ್ಮ, ಇನ್ನೂ ಮದುವೆಯಾಗದವನು, ಜಗತ್ತಿನ ಯಾವ ವಸ್ತುವಿನ ಬಗ್ಗೆ ಕೇಳಿದರೂ ಅದನ್ನು ಎಲ್ಲಿ ಕೊಳ್ಳಬೇಕೆಂದು ಬಲ್ಲವನು. ನನ್ನನ್ನು ಹೊಳೆಯ ದಂಡೆಯ ಜುನಾ ಬಾಜಾರಿಗೆ ಕರೆದುಕೊಂಡು ಹೋದ. ಜುನಾ ಬಾಜಾರ ಎಂದರೆ ಹಳೆಯ ಸಾಮಾನಿನ ಸಂತೆ. ಒಡೆದ ಗಡಿಯಾರ, ಕಾಲಿಲ್ಲದ ಕುರ್ಚಿ, ದೊರೆಗಳ ಮನೆಯ ಗಂಗಾಳ, ಎಲ್ಲಾ ನೆಲದ ಮೇಲೆ ಹಾಸಿಕೊಂಡು ಕೂತಿರುತ್ತಿದ್ದರು. ಹಳೆಯ ಕಬ್ಬಿಣ ಮತ್ತು ಕರ್ಪೂರದ ಗುಳಿಗೆಯ ವಾಸನೆ. ಅಲ್ಲಿ ಒಬ್ಬನ ಹತ್ತಿರ ಪಲ್ಟಣಿನಿಂದ ಬಂದ ಖಾಕಿ ಚೀಲಗಳ ರಾಶಿ ಇತ್ತು. ಕಾಕಾ ಒಂದನ್ನು ಎತ್ತಿಕೊಂಡ. ಹಿತ್ತಾಳೆಯ ಬಕ್ಕಲು ಎಳೆದು ನೋಡಿದ, ತೊಗಲಿನ ಪಟ್ಟಿಯನ್ನು ಮೂಸಿದ, ಹೊಲಿಗೆಯ ಮೇಲೆ ಉಗುರು ಆಡಿಸಿದ, ಚಹಾದವನಿಂದ ನೀರು ತಂದು ಅರಿವೆಯ ಮೇಲೆ ಸುರಿದು ಒಳಗೆ ಇಳಿಯುತ್ತದೋ ಇಲ್ಲವೋ ಪರೀಕ್ಷೆ ಮಾಡಿದ. ಮಾರುವವನಿಗೂ ಅವನಿಗೂ ಅರ್ಧ ತಾಸು ಚರ್ಚೆಯಾಯಿತು. ನನ್ನ ಬೆನ್ನಿಗೆ ಹಾಕಿ ನೋಡುವುದೊಂದು ಉಳಿಯಿತು. ನನಗೂ ಅದು ಹೊಳೆಯಲಿಲ್ಲ, ಏಕೆಂದರೆ ಹಿತ್ತಾಳೆಯ ಬಕ್ಕಲು ಬಿಸಿಲಿಗೆ ಭಾರೀ ಹೊಳೆಯುತ್ತಿತ್ತು.

ಅಜ್ಜಿ ಚೀಲವನ್ನು ದೂರದಿಂದಲೇ ನೋಡಿದಳು.

“ತೊಗಲಿಂದು.”

“ಪಟ್ಟಿ ಅಷ್ಟ ತೊಗಲಿಂದು, ಚೀಲ ಅರಿವಿದು” ಎಂದ ಕಾಕಾ.

“ಗಡದಮ್ಯಾಲ ದೇವಟಾಕಿ ಅಂತ ಒಂದು ಹೊಂಡ ಅದಂತ. ಅದರ ನೀರು ಭಾಳ ಸಿಹಿ ಅಂತ ಕೆಳಗಿನ ಮನಿಯಾಕಿ ಅಂದ್ಲು. ಈ ನಮ್ಮ ನೀಲವ್ವ ಹೋದ್ರ ಒಂದು ಗಿಂಡಿ ತರಲಿ, ಲಿಂಗಕ್ಕ ಎರಿಯೂಣು ಅಂದ್ಕೊಂಡಿದ್ದೆ. ತೊಗಲ ಮುಟ್ಟಿದ ನೀರು ಲಿಂಗಕ್ಕ ನಡಿಯಂಗಿಲ್ಲಪಾ.”

“ಮೊದಲ ಆಕಿ ಗಡಾ ಹತ್ತಲಿ ಅವ್ವಾ. ನೀರಿಂದು ಆಮ್ಯಾಲ ನೋಡೂಣು.”

ಅಜ್ಜಿ ಸುಮ್ಮನಾದಳು. ಆಕೆ ಸುಮ್ಮನಾದರೆ ಒಪ್ಪಿದಳು ಎಂದು ತಿಳಿಯುವುದು ಕಾಕಾನ ಹಳೆಯ ತಪ್ಪು.

ನಾನು ಒರಳುಕಲ್ಲಿನ ಗುಂಡನ್ನು ಚೀಲದಲ್ಲಿಟ್ಟುಕೊಂಡು ದಿನಾ ಸಂಜೆ ವಾಡೆಯ ಮೆಟ್ಟಿಲು ಹತ್ತಿ ಇಳಿಯತೊಡಗಿದೆ. ಆ ಚೀಲ ಯಾವನೋ ಆರಡಿ ಸಿಪಾಯಿಯ ಅಳತೆಯದು. ನನ್ನ ಟೊಂಕದ ಕೆಳಗೆ ಬಂದು ಬಡಿಯುತ್ತಿತ್ತು. ಎರಡು ಬೆರಳಗಲದ ಪಟ್ಟಿ ಹೆಗಲನ್ನು ಕೊರೆಯುತ್ತಿತ್ತು. ಮೂರನೆಯ ದಿನಕ್ಕೆ ಎರಡೂ ಹೆಗಲ ಮೇಲೆ ಕೆಂಪು ಬಾಸುಂಡೆ. ಯಾರಿಗೂ ಹೇಳಲಿಲ್ಲ. ಆದರೆ ಭಾನುವಾರದ ಎಣ್ಣೆಸ್ನಾನ ಅಜ್ಜಿಯ ಕೈಯಲ್ಲೇ ಆಗುತ್ತಿತ್ತು. ಬಚ್ಚಲ ಹೊಗೆಯಲ್ಲಿ ಬಿಸಿನೀರು ಹಾಕುತ್ತಿದ್ದವಳು ನಿಂತಳು. ಹೆಬ್ಬೆರಳಿನಿಂದ ಬಾಸುಂಡೆಯ ಉದ್ದಕ್ಕೂ ಒತ್ತಿಕೊಂಡು ಹೋದಳು. ನಾನು ಹಲ್ಲು ಕಚ್ಚಿದೆ. ಆಕೆ ಮತ್ತೊಂದು ತಂಬಿಗೆ ನೀರು ಹಾಕಿದಳು.

ಅಂದು ಮಧ್ಯಾಹ್ನ ಒಂದು ನೂಲಿನ ಎಳೆ ತಂದು ನನ್ನ ಬೆನ್ನನ್ನು ಅಳೆದಳು. ಕುತ್ತಿಗೆಯ ಗಿಣ್ಣಿನಿಂದ ಸೊಂಟದವರೆಗೆ ಒಂದು ಗಂಟು, ಹೆಗಲಿನಿಂದ ಹೆಗಲಿಗೆ ಒಂದು ಗಂಟು, ಹೆಗಲ ಮೇಲಿಂದ ಬಗಲ ಕೆಳಗೆ ಸುತ್ತಿ ಬಂದಲ್ಲಿ ಇನ್ನೊಂದು. ಆಮೇಲೆ ಟ್ರಂಕಿನಿಂದ ಹಳೆಯ ಸೀರೆಗಳನ್ನು ತೆಗೆದು ಕೌದಿ ಹೊಲಿಯುವ ದೊಡ್ಡ ಸೂಜಿ ಹಿಡಿದು ಕೂತಳು. ಕೌದಿ ನಮ್ಮ ಕಡೆ ಎಲ್ಲರಿಗೂ ಗೊತ್ತು. ಹಳೆಯ ಅರಿವೆ ಪದರು ಪದರಾಗಿ ಇಟ್ಟು ಸಾಲುಗಟ್ಟಿ ಹೊಲಿದದ್ದು, ಹಾಸಲಿಕ್ಕೂ ಅದೇ, ಹೊದೆಯಲಿಕ್ಕೂ ಅದೇ. ಆದರೆ ಕೌದಿಯಲ್ಲಿ ಚೀಲ ಹೊಲಿದವರನ್ನು ನಾನು ಅದಕ್ಕೆ ಮೊದಲೂ ಕಾಣೆ, ಆಮೇಲೂ ಕಾಣೆ. ಪಟ್ಟಿಗಳನ್ನು ನಾಲ್ಕು ಬೆರಳಗಲ ಮಾಡಿದಳು, ಒಳಗೆ ಏಳು ಪದರು ಹಳೆಯ ಸೀರೆ. ತೊಳೆದು ತೊಳೆದು ಬೆಣ್ಣೆಯಾದ ಅರಿವೆಯನ್ನೇ ಆರಿಸಿ ಹಾಕಿದಳು. ಬೆನ್ನಿಗೆ ತಾಗುವ ಕಡೆ ಅಪ್ಪನ ಕೋಟಿನ ಅಸ್ತರು, ಹೊರಗಡೆ ಅವ್ವನ ಖಣದ ಕುಪ್ಪಸದ ತುಂಡು, ಮಧ್ಯದಲ್ಲಿ ನನ್ನದೇ ತೊಟ್ಟಿಲ ಕೌದಿಯ ಕೆಂಪು ಚೌಕ.

ಮುಗಿಸುವ ದಿನ ಮನೆಯಲ್ಲಿ ಹೋಳಿಗೆಯಾಯಿತು. ನಮ್ಮಲ್ಲಿ ಕೌದಿಯ ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೊಂದು ತುತ್ತು ಇಟ್ಟು ಹೊಲಿಯುತ್ತಾರೆ. ಕೌದಿ ಹಸಿದಿರಬಾರದು, ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲ ಎಂಬ ನಂಬಿಕೆ. ಅಜ್ಜಿ ಎರಡು ಪಟ್ಟಿಗೂ ಒಂದೊಂದು ತುಣುಕು ಹೂರಣದ ಹೋಳಿಗೆ ಉಣ್ಣಿಸಿ ಬಾಯಿ ಹೊಲಿದಳು.

“ಎರಡೂ ಹೆಗಲಿಗೆ ಸಮ ಇರಬೇಕು. ಒಂದಕ್ಕ ಕೊಟ್ಟು ಒಂದಕ್ಕ ಬಿಟ್ರ ಜಗಳ” ಎಂದಳು.

ಇರುವೆ ಬರದಂತೆ ಚೀಲವನ್ನು ಮೊಸರಿನ ನೆಲುವಿನ ಪಕ್ಕದ ಕೊಂಡಿಗೆ ತೂಗು ಹಾಕಿದಳು. ನನಗೆ ಅದನ್ನು ನೋಡಿದರೆ ನಾಚಿಕೆಯಾಗುತ್ತಿತ್ತು. ಸಂತೆಗೆ ಹೊರಟ ಹಾಸಿಗೆಯಂತೆ ಕಾಣುತ್ತಿತ್ತು. ಪರೀಕ್ಷೆಯ ಶನಿವಾರ, ಅಜ್ಜಿ ಪೂಜೆಗೆ ಕೂತ ಹೊತ್ತು ನೋಡಿ, ನಾನು ಖಾಕಿ ಚೀಲವನ್ನೇ ಹಾಕಿಕೊಂಡು ಹೊರಟೆ. ಈಗ ಬರೆಯುವಾಗಲೂ ಈ ಸಾಲು ಸರಾಗ ಬರುವುದಿಲ್ಲ.

ಪರ್ವತಿಯ ಮೆಟ್ಟಿಲುಗಳು ಆನೆ ಹತ್ತುವಷ್ಟು ಅಗಲ. ಮೊದಲ ಸಲ ಸಲೀಸು. ಎರಡನೆಯ ಸಲ ಹೆಗಲು ಉರಿಯತೊಡಗಿತು. ಮೂರನೆಯ ಸಲ ಅರ್ಧ ದಾರಿಯಲ್ಲಿ ನನ್ನ ಬಲಗೈ ನನಗೆ ತಿಳಿಯದೆಯೇ ಮೇಲೆದ್ದು ಪಟ್ಟಿಯ ಅಡಿ ಹೆಬ್ಬೆರಳು ತೂರಿಸಿತು.

“ಕೈ!” ಎಂದರು ಲೇಲೆ ಬಾಯಿ ಮೇಲಿನಿಂದ.

ನಾನು ಅಲ್ಲೇ ಕೂತು ಅತ್ತೆ. ಬಾಯಿ ಇಳಿದು ಬಂದು, ಪೋಲಕದ ಕೊರಳು ಸರಿಸಿ ಹೆಗಲು ನೋಡಿದರು. ಆಮೇಲೆ ತಮ್ಮ ಗಡಸು ಮರಾಠಿಯಲ್ಲಿ ಹೇಳಿದರು: “ನಿನ್ನ ಕಾಲುಗಳು ಗಡಕ್ಕೆ ಬರುತ್ತವೆ. ಈ ಚೀಲ ಬರುವುದಿಲ್ಲ. ಬುಧವಾರ ಮುಂಜಾನೆ ಬೇರೆ ಚೀಲ ತಗೊಂಡು ಬಾ. ಆಗಲೂ ಕೈ ಹೋದರೆ ನನ್ನ ಹತ್ತಿರ ಅಳಬೇಡ.”

ಬುಧವಾರ ಕೌದಿ ಚೀಲ ಹಾಕಿಕೊಂಡು ಹೋದೆ. ಹೊರಡುವಾಗ ಅಜ್ಜಿ ಪಟ್ಟಿಗಳನ್ನು ನನ್ನ ಹೆಗಲ ಮೇಲೆ ಕೂಡಿಸಿ, ಸುತ್ತ ನಡೆದು ನೋಡಿದಳು. ಶನಿವಾರದ ಮಾತು ಎತ್ತಲಿಲ್ಲ. ಪರ್ವತಿಯ ಬುಡದಲ್ಲಿ ನೋಡಲು ಬಂದ ಹುಡುಗಿಯರು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನ ಪಕ್ಕದ ಬೆಂಚಿನ ಕಮಲ. “ಗೋಧಡಿ! ಗೋಧಡಿ ಬಂತು!” ಎಂದು ಕೌದಿಯ ಮರಾಠಿ ಹೆಸರನ್ನು ನನಗೇ ಇಟ್ಟಳು. ಇಟ್ಟಿಗೆ ಇಟ್ಟುಕೊಂಡು ಹತ್ತಿದೆ, ಇಳಿದೆ, ಹತ್ತಿದೆ. ಚೀಲ ಸೊಂಟದ ಮೇಲೆಯೇ ಗಟ್ಟಿಯಾಗಿ ಕೂತಿತ್ತು. ಭಾರ ಎರಡೂ ಹೆಗಲಿಗೆ ಹಂಚಿಹೋಗಿ, ಹಿಂದಿನಿಂದ ಯಾರೋ ಅಂಗೈ ಇಟ್ಟಂತೆ ಅನಿಸುತ್ತಿತ್ತು. ಮೂರನೆಯ ಸಲ ಇಳಿದಾಗ ಕೈಗಳು ಎಲ್ಲಿದ್ದವೆಂಬುದೇ ನನಗೆ ನೆನಪಿರಲಿಲ್ಲ. ಬಾಯಿ ಪಟ್ಟಿಯನ್ನು ಹಿಡಿದು ನೋಡಿ, “ಯಾರು ಹೊಲಿದದ್ದು?” ಎಂದಷ್ಟೇ ಕೇಳಿದರು.

ಮುಂದಿನ ಭಾನುವಾರ ಹೊರಟೆವು. ಖಡಕವಾಸಲಾ ಕೆರೆಯ ತನಕ ಟಾಂಗಾ, ಅಲ್ಲಿಂದ ನಡಿಗೆ. ಹುಲ್ಲು ಒಣಗಿ ಹೊನ್ನಾಗಿತ್ತು. ಚೀಲದಲ್ಲಿ ಸಜ್ಜೆರೊಟ್ಟಿ, ಶೇಂಗಾ ಚಟ್ನಿ, ಒಂದು ಹೊದಿಕೆ, ಮತ್ತು ಅಜ್ಜಿ ಬಿರಡೆ ಹಾಕಿ ಕೊಟ್ಟ ತಾಮ್ರದ ಗಿಂಡಿ. ಕೊನೆಯ ಏರಿಗೆ ಮುಂಚೆ ಒಂದು ಮರದಡಿ ಕೂತೆವು. ಅಲ್ಲಿ ಬಾಯಿ ಮತ್ತೆ ನಿಯಮ ಹೇಳಿದರು. ಇಲ್ಲಿಂದ ಕೋಟೆಯ ಬಾಗಿಲ ತನಕ ಸಾಲಾಗಿ ಹತ್ತಬೇಕು, ಯಾರೂ ನಡುವೆ ನಿಂತು ತಮ್ಮ ಚೀಲಕ್ಕೆ ಕೈ ಹಾಕುವಂತಿಲ್ಲ. ಹಾಕಿದವರು ಕೊನೆಯಲ್ಲಿ ಬರುವ ಶಾಲೆಯ ಆಯಾಳ ಜೊತೆ ಅಲ್ಲೇ ಕೂತು, ಉಳಿದವರು ಇಳಿಯುವ ತನಕ ಕಾಯಬೇಕು.

ನಾನು ಮಾಡಿದ ತಪ್ಪು ಎಂದರೆ ಆ ಮರದಡಿ ಚೀಲವನ್ನು ನೆಲಕ್ಕೆ ಇಟ್ಟದ್ದು. ಮನೆಯಲ್ಲಿ ಅದು ನೆಲುವಿನ ಪಕ್ಕ ಯಾಕೆ ತೂಗುತ್ತಿತ್ತೆಂಬುದು ಮರೆತೇಹೋಗಿತ್ತು.

ಹತ್ತು ಹೆಜ್ಜೆ ಹತ್ತಿರಬೇಕು, ಕುತ್ತಿಗೆಯ ಹತ್ತಿರ ಸೂಜಿ ಚುಚ್ಚಿದಂತಾಯಿತು. ಆಮೇಲೆ ಹೆಗಲಿಗೆ, ಆಮೇಲೆ ಪೋಲಕದ ಒಳಗೆ. ಕೆಂಪಿರುವೆ. ಅಜ್ಜಿಯ ಹೋಳಿಗೆಗೆ ಸಿಂಹಗಡದ ಇರುವೆಗಳು ಬಂದು ಸೇರಿದ್ದವು. ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಎರಡು ಕೈಗಳನ್ನೂ ಮುಂದಿನ ಬಂಡೆಗೆ ಒತ್ತಿ ಹಿಡಿದೆ. ಒಂದು ಸಲ ಕೈ ಎತ್ತಿದರೆ ಗಡವೂ ಇಲ್ಲ, ದೇವಟಾಕಿಯ ನೀರೂ ಇಲ್ಲ, ಮುಂದಿನ ವರ್ಷವಂತೂ ಇಲ್ಲವೇ ಇಲ್ಲ. ಆ ವಯಸ್ಸಿನಲ್ಲಿ ಅಷ್ಟು ಸ್ಪಷ್ಟವಾಗಿ ನಾನು ಬೇರೆ ಯಾವುದನ್ನೂ ಯೋಚಿಸಿದ್ದಿಲ್ಲ.

ನನ್ನ ಹಿಂದೆ ಹತ್ತುತ್ತಿದ್ದವಳು ಕಮಲ.

“ಅಗ, ಮುಂಗ್ಯಾ!” ಎಂದಳು, ಇರುವೆಗಳನ್ನು ಕಂಡು. ಮರುಗಳಿಗೆ ನನ್ನ ಕುತ್ತಿಗೆಯ ಮೇಲೆ ಅವಳ ಅಂಗೈ ಬಿತ್ತು. ಒರೆಸಿದಳು, ಕೊಡವಿದಳು, ಪಟ್ಟಿಯ ಮೇಲೆ ಪಟಪಟ ಬಡಿದಳು. ಒಂದು ಕೈ ಬಂಡೆಗೆ, ಒಂದು ಕೈ ನನ್ನ ಹೆಗಲಿಗೆ. ಹಾಗೇ ಬಾಗಿಲ ತನಕ ಬಂದೆವು. ಮೇಲೆ ನಿಂತಿದ್ದ ಲೇಲೆ ಬಾಯಿ ಎಲ್ಲವನ್ನೂ ನೋಡಿದರು.

“ಬಾಯಿ, ನನ್ನ ಚೀಲಕ್ಕೆ ನಾನು ಕೈ ಹಾಕಿಲ್ಲ” ಎಂದಳು ಕಮಲ, ಯಾರೂ ಕೇಳುವ ಮುಂಚೆಯೇ. “ಅವಳದಕ್ಕೆ ಅವಳೂ ಹಾಕಿಲ್ಲ.”

ಬಾಯಿ ನನ್ನ ಚೀಲ ಇಳಿಸಿ, ತಮ್ಮ ಸೀರೆಯ ಪಿನ್ನಿನಿಂದ ಪಟ್ಟಿಗಳ ಹೊಲಿಗೆ ಬಿಚ್ಚಿದರು. ಒಣಗಿದ ಹೋಳಿಗೆ ಬಂಡೆಯ ಮೇಲೆ ಉದುರಿತು. ಇದೇನೆಂದು ಕೇಳಿದರು. ಚೀಲ ಹಸಿದಿರಬಾರದೆಂದು ಅಜ್ಜಿ ಇಟ್ಟದ್ದು ಎಂದೆ. ಹುಡುಗಿಯರು ಮತ್ತೆ ನಕ್ಕರು. ಬಾಯಿಯೂ ನಕ್ಕರು. ಅವರ ಹಲ್ಲು ನಾವು ಕಂಡದ್ದು ಅದೇ ಮೊದಲು. ಆಮೇಲೆ ಆ ಪಿನ್ನಿನಿಂದಲೂ ಇನ್ನೊಂದರಿಂದಲೂ ಪಟ್ಟಿಗಳ ಬಾಯಿ ಮುಚ್ಚಿಕೊಟ್ಟರು.

ಗಡದ ಮೇಲೆ ಮಡಕೆಯ ಮೊಸರು ತಿಂದೆವು, ಗಾಳಿಗೆ ಕೂಗಿದೆವು. ದೇವಟಾಕಿಗೆ ಇಳಿದು ಗಿಂಡಿ ತುಂಬಿಕೊಂಡೆ. ನೀರು ನಿಜವಾಗಿಯೂ ಸಿಹಿ ಇತ್ತು. ನಮ್ಮ ವಾಡೆ ಎಲ್ಲಿದೆ ಎಂದು ಹುಡುಕಿದೆ, ಕಾಣಲಿಲ್ಲ. ಅಜ್ಜಿಗೆ ಗಡ ಕಾಣುತ್ತದೆ, ಗಡಕ್ಕೆ ಅಜ್ಜಿ ಕಾಣುವುದಿಲ್ಲ ಎನ್ನುವುದು ಯಾಕೋ ಅನ್ಯಾಯ ಅನಿಸಿತು.

ಸಂಜೆ ಮನೆಗೆ ಬಂದಾಗ ಅಜ್ಜಿ ಮೊದಲು ನನ್ನ ಹೆಗಲು ನೋಡಿದಳು, ಆಮೇಲೆ ಗಿಂಡಿ ತೆಗೆದುಕೊಂಡು ದೇವರ ಜಗಲಿಯ ಮೇಲಿಟ್ಟಳು. ಕೊನೆಗೆ ಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು.

“ಹಸದು ಬಂದದ.”

ನಡೆದದ್ದನ್ನೆಲ್ಲ ಹೇಳಿದೆ. ಬೈಗುಳಕ್ಕೆ ಕಾಯುತ್ತಾ ನಿಂತೆ.

“ಎಷ್ಟು ಇರುವಿ ಇದ್ದೂ?”

“ಭಾಳ.”

“ಆತಲ್ಲ, ಯಾರರೆ ಉಂಡ್ರು” ಎಂದು ನಕ್ಕಳು.

ಮರುದಿನ ಶಾಲೆಯಿಂದ ಬಂದಾಗ ಪಿನ್ನು ತೆಗೆದು ಪಟ್ಟಿಗಳನ್ನು ಮತ್ತೆ ಹೊಲಿದಿದ್ದಳು. ಒತ್ತಿ ನೋಡಿದೆ, ಒಳಗೆ ಏನೋ ಹರಳು ಹರಳಾಗಿತ್ತು.

“ಉಪ್ಪು” ಎಂದಳು ಅಜ್ಜಿ. “ಇದಕ್ಕ ಇರುವಿ ಬರಂಗಿಲ್ಲ. ಮುಂದಿನ ಸಲ ತ್ರಾಸ ಆಗಂಗಿಲ್ಲ ನಿನಗ.”

ಅವ್ವ ಒಲೆಯ ಮುಂದಿನಿಂದ ತಿರುಗಿ ನೋಡಿದಳು. ಮುಂದಿನ ಸಲ ಎಂಬ ಮಾತನ್ನು ನಮ್ಮ ಮನೆಯಲ್ಲಿ ಆಡಿದವಳು ಅಜ್ಜಿಯೊಬ್ಬಳೇ.

ಬೇಸಗೆಯಲ್ಲಿ ಅಜ್ಜಿ ತೀರಿಕೊಂಡಳು. ದೀಪಾವಳಿಗೆ ಸೀರೆ ಬಂತು, ಅದರ ಮರುವರ್ಷ ಮದುವೆ. ಕಮಲ ಮುಂಬಯಿಗೆ ಹೋದಳು. ಗಡವನ್ನು ನಾನೂ ದಿನಾ ನೋಡಿದೆ, ಬೇರೆ ಬೇರೆ ಮಾಳಿಗೆಗಳಿಂದ, ಆಮೇಲೆ ಎತ್ತರದ ಕಟ್ಟಡಗಳು ಬಂದು ಅದು ಮರೆಯಾಗುವ ತನಕ.

ಈಚೆಗೆ ಮೊಮ್ಮಗಳು ಚಾರಣಕ್ಕೆಂದು ಚೀಲ ಕೊಳ್ಳುವಾಗ ನನ್ನನ್ನೂ ಅಂಗಡಿಗೆ ಕರೆದುಕೊಂಡು ಹೋಗಿದ್ದಳು. ಒಳ್ಳೆಯ ಚೀಲಗಳು. ಮೆತ್ತನೆಯ ಅಗಲ ಪಟ್ಟಿ, ಸೊಂಟಕ್ಕೊಂದು ಪಟ್ಟಿ, ಬೆನ್ನಿಗೆ ಗಾಳಿಯಾಡಲು ಜಾಲರಿ. ಅಜ್ಜಿಯ ಚೀಲಕ್ಕಿಂತ ಎಲ್ಲದರಲ್ಲೂ ಮೇಲು, ಇದನ್ನು ಒಪ್ಪಿಕೊಳ್ಳಲು ನನಗೆ ಯಾವ ಅಡ್ಡಿಯೂ ಇಲ್ಲ. ಪಟ್ಟಿ ಎಳೆದರೆ ಯಾರ ಬೆನ್ನಿಗಾದರೂ ಸರಿಹೋಗುತ್ತದೆ ಎಂದ ಅಂಗಡಿಯ ಹುಡುಗ. ನಮ್ಮ ಟ್ರಂಕಿನಲ್ಲಿರುವುದು ಒಂದೇ ಬೆನ್ನಿಗೆ, ಅದೂ ಒಂದೇ ವರ್ಷಕ್ಕೆ ಸರಿಹೋಗಿದ್ದ ಚೀಲ.

ಒಳಗಿನ ಉಪ್ಪಿನಿಂದಾಗಿ ಅದರ ಪಟ್ಟಿಗಳು ಪ್ರತಿ ಮಳೆಗಾಲದಲ್ಲೂ ಬೆವರುತ್ತಿದ್ದವು. ಆಷಾಢ ಬಂತೆಂದರೆ ತೆಗೆದು ಹಗ್ಗದ ಮೇಲೆ ಹಾಕಿ ಒಣಗಿಸುವುದು ನನ್ನ ರೂಢಿ. ಈ ವರ್ಷ ತೆಗೆದಾಗ ಪಟ್ಟಿಗಳು ಒಣಗಿಯೇ ಇದ್ದವು. ಹೆಬ್ಬೆರಳಿನಿಂದ ಒತ್ತಿ ನೋಡಿದೆ, ಹರಳು ಸಿಗಲಿಲ್ಲ. ಇಷ್ಟು ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವೇ ಕರಗಿ ಹೋಗಿರಬೇಕು. ಹೊಲಿಗೆ ಬಿಚ್ಚಿ ಮತ್ತೆ ಒಂದು ಹಿಡಿ ಉಪ್ಪು ಹಾಕುವುದೇನೂ ದೊಡ್ಡ ಮಾತಲ್ಲ, ಅಷ್ಟು ಸೂಜಿ ಕೆಲಸ ನನಗೂ ಬರುತ್ತದೆ. ಆದರೆ ಹಾಕಿದ ಮೇಲೆ “ಮುಂದಿನ ಸಲ” ಎನ್ನುವವರು ಬೇಕಲ್ಲ.